ಅದು ಹುಡುಗಾಟ ಅಲ್ಲ

ಪತ್ರ: ಏಳನೇ ಕ್ಲಾಸಿನ ನನ್ನ ಮಗನಿಗೆ ಮಾತು ತೊದಲುತ್ತದೆ. ಬಸ್ಸಲ್ಲಿ ದೊಡ್ಡ ಹುಡುಗರು ಅವನ ಹಾಗೇ ತೊದಲಿ ಅಣಕಿಸುತ್ತಾರೆ. ಛತ್ರಿ ಕಿತ್ತುಕೊಂಡು ಮಳೆಯಲ್ಲಿ ನಿಲ್ಲಿಸುತ್ತಾರೆ. ಮೇಷ್ಟ್ರು ‘ಹುಡುಗಾಟ, ಅವನೇ ಗಟ್ಟಿಯಾಗಬೇಕು’ ಅಂದರು. ಶಾಲೆ ಬದಲಿಸಲೇ?
– ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಈಗಲೇ ಬೇಡ ಅಮ್ಮಾ. ಕಾಟ ಕೊಟ್ಟವರು ಅಲ್ಲೇ ಇದ್ದು, ನೊಂದವನು ಶಾಲೆ ಬಿಡೋದು ಯಾವ ನ್ಯಾಯ? ನಮ್ಮ ಮಲೆನಾಡಲ್ಲಿ ಬೇರೆ ಶಾಲೆ ಅಂದರೆ ಬೇರೆ ಬಸ್ಸು, ತೋಟದ ದಾರಿಯಲ್ಲಿ ಇನ್ನಷ್ಟು ನಡಿಗೆ.

ಸರಿಸಮರು ಒಂದು ದಿನ ಕಿತ್ತಾಡಿ ಮರುದಿನ ಒಂದಾದರೆ ಅದು ಹುಡುಗಾಟ. ನಾಲ್ಕು ಜನ ಸೇರಿ ದಿನಾ ಒಬ್ಬನನ್ನೇ ಹಿಡಿದರೆ ಅದು ಹಿಂಸೆ. ಆಷಾಢದ ಮಳೆಯಲ್ಲಿ ನೆನೆದ ಯೂನಿಫಾರ್ಮ್‌ನಲ್ಲೇ ಸಂಜೆತನಕ ಕೂತ ಹುಡುಗನ ತಲೆಗೆ ಯಾವ ಪಾಠ ಹತ್ತೀತು?

ನೀವು ಮೇಷ್ಟ್ರ ಹತ್ತಿರ ಉಪಕಾರ ಕೇಳುತ್ತಿಲ್ಲ. ಇದು ಮಗುವಿನ ಹಕ್ಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಮಗುವನ್ನು ಮೈಗೆ, ಮನಸ್ಸಿಗೆ ಆಗುವ ಹಿಂಸೆಯಿಂದ ಕಾಪಾಡಬೇಕು ಅನ್ನುತ್ತದೆ ಅದರ 19ನೇ ವಿಧಿ. ಮಗುವಿನ ಮಾತು ಕೇಳಬೇಕು ಅನ್ನುತ್ತದೆ 12ನೇ ವಿಧಿ. ಹಾಗಾಗಿ ಮೊದಲು ಮಗನನ್ನೇ ಕೇಳಿ: ಏನಾಗಬೇಕು ಅಂತ ಅವನಿಗಿದೆ? ಅವನು ಹೇಳಿ ಮುಗಿಸುವವರೆಗೆ ಕಾಯಿರಿ, ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ.

ಆಮೇಲೆ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆಯಿರಿ. ಬಾಯಿಮಾತು ಸಾಲದು. ಯಾವ ದಿನ, ಎಲ್ಲಿ, ಏನಾಯಿತು ಅಂತ ಇರಲಿ. ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ವಿಷಯ ಎತ್ತಿ. ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಬಸ್ಸಿನ ಕಾಟದ ಬಗ್ಗೆ ಮಕ್ಕಳೇ ಮಾತಾಡಬಹುದು, ಹೆಸರು ಹೇಳಬೇಕಂತಿಲ್ಲ.

ಒಂದು ವಿಷಯ ಮಾತ್ರ ನನಗೆ ತುಂಬಾ ಮುಖ್ಯ. ಆ ಹುಡುಗರಿಗೆ ನಾಲ್ಕು ಬಿಗಿಯಿರಿ ಅಂತ ಕೇಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಅವರೂ ಮಕ್ಕಳೇ ಅಲ್ವಾ? ಬೆತ್ತದ ಸಿಟ್ಟನ್ನು ಅವರು ಮತ್ತೆ ನಿಮ್ಮ ಮಗನ ಮೇಲೇ ತೀರಿಸಿಕೊಳ್ಳುತ್ತಾರೆ. ಶಾಲೆಯವರು ಆ ಹುಡುಗರ ಅಪ್ಪ ಅಮ್ಮನನ್ನು ಕರೆಸಿ ಮಾತಾಡಲಿ. ಬಸ್ಸಲ್ಲಿ ಸುಮ್ನೆ ನೋಡುತ್ತಾ ಕೂತ ಮಕ್ಕಳ ಜೊತೆಗೂ ಮಾತಾಡಲಿ. ಅವರಲ್ಲಿ ಇಬ್ಬರು ಎದ್ದು ಬಂದು ಇವನ ಪಕ್ಕ ಕೂತರೆ ಕಾಟ ಎಷ್ಟೋ ತಗ್ಗುತ್ತದೆ.

ತೊದಲಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕಿತ್ಸೆ ಇದೆ, ಅವನಿಗೆ ಇಷ್ಟವಿದ್ದರೆ ಹೋಗಿ. ಆದರೆ ಅದು ಬೇರೆ ವಿಷಯ. ಮಾತು ಸರಿಹೋಗುವವರೆಗೆ ಅರ್ಜಿ ಕಾಯಬಾರದು. ಶಾಲೆ ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಿಮ್ಮ ಮಗನೂ ಮಾಡಬಹುದು.

– ಸಂ.