ಮೇಜರ್ ಬದಲಿಸಿದ ಮೇಲೆ ಮಗಳ ಆಟದ ಅರ್ಹತೆ ತಪ್ಪಿದ್ದೇಕೆ?

ಅಮೆರಿಕದ ಕಾಲೇಜಿನಲ್ಲಿ 58 ಕ್ರೆಡಿಟ್ ಮುಗಿಸಿದ್ದರೂ ಮುಂದಿನ ಸೀಸನ್‌ಗೆ ನಿಮ್ಮ ಮಗಳು ಟೆನಿಸ್ ಆಡುವಂತಿಲ್ಲ ಎಂದಿದ್ದಾರಲ್ಲ, ಕಾರಣ ಬಹುಶಃ ಮೇಜರನ್ನು, ಅಂದರೆ ಪದವಿಯ ಮುಖ್ಯ ವಿಷಯವನ್ನು, ಕಂಪ್ಯೂಟರ್ ಸೈನ್ಸ್‌ನಿಂದ ಸೈಕಾಲಜಿಗೆ ಬದಲಿಸಿದ್ದೇ. ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ) ಡಿವಿಷನ್ 1ರಲ್ಲಿ, ಅಂದರೆ ಅದರ ಮೇಲಿನ ಹಂತದಲ್ಲಿ, ಮೂರನೇ ವರ್ಷ ಶುರುವಾಗುವ ಹೊತ್ತಿಗೆ ಪದವಿಯ ಶೇ. 40ರಷ್ಟು ಮುಗಿದಿರಬೇಕು. 120 ಕ್ರೆಡಿಟ್‌ನ ಪದವಿಯಾದರೆ ಅದು 48. ಆದರೆ ಲೆಕ್ಕಕ್ಕೆ ಬರುವುದು ಹೊಸ ಪದವಿಗೆ ಸಲ್ಲುವ ಕ್ರೆಡಿಟ್ ಮಾತ್ರ. ಕಂಪ್ಯೂಟರ್ ಸೈನ್ಸ್‌ನ ಕೆಲವು ಕೋರ್ಸ್‌ಗಳು ಸೈಕಾಲಜಿಗೆ ಸೇರದೆ ಉದುರಿಹೋಗಿರಬೇಕು.

ಮೊದಲು ಅವಳು ಹೊಸ ಮೇಜರ್‌ನ ಡಿಗ್ರಿ ಆಡಿಟ್ (ಯಾವ ಕ್ರೆಡಿಟ್ ಪದವಿಗೆ ಸಲ್ಲುತ್ತದೆ ಎಂಬ ವರದಿ) ತೆಗೆಸಲಿ. ಎಷ್ಟು ಕಡಿಮೆ ಬಿದ್ದಿದೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಆಮೇಲೆ ಅದನ್ನು ಹಿಡಿದು ಅಥ್ಲೆಟಿಕ್ಸ್ ವಿಭಾಗದ ಅಕಾಡೆಮಿಕ್ ಅಡ್ವೈಸರ್, ಕಂಪ್ಲಯನ್ಸ್ ಆಫೀಸ್ (ನಿಯಮಪಾಲನೆ ನೋಡುವ ಕಚೇರಿ) ಇಬ್ಬರನ್ನೂ ಕಾಣಲಿ. ಕೋಚ್ ಬಾಯಿಮಾತಿನ ಭರವಸೆ ನಂಬಿ ಕೂರಬೇಡಿ, ಉತ್ತರ ಇಮೇಲ್‌ನಲ್ಲೇ ಬರಲಿ. ನೀವೇ ಫೋನ್ ಮಾಡಿದರೆ ಅವಳ ಲಿಖಿತ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ, ಅಲ್ಲಿನ ಕಾನೂನು ಹಾಗಿದೆ.

ಆರು ಕ್ರೆಡಿಟ್ ಕಡಿಮೆಯಿದ್ದರೆ ಬೇಸಿಗೆಯ ಎರಡು ಕೋರ್ಸ್‌ಗಳಲ್ಲಿ ತುಂಬಿಕೊಳ್ಳಬಹುದು. ಅವು ಹೊಸ ಪದವಿಗೆ ಸಲ್ಲುತ್ತವೆ ಎಂದು ಸೇರುವ ಮುನ್ನವೇ ಬರೆಸಿಕೊಳ್ಳಲಿ.

ಎಫ್-1 (ವಿದ್ಯಾರ್ಥಿ) ವೀಸಾ ಇರುವುದರಿಂದ ಇನ್ನೊಂದು ಎಚ್ಚರ: ಸೆಮಿಸ್ಟರ್‌ನಲ್ಲಿ 12 ಕ್ರೆಡಿಟ್‌ಗಿಂತ ಕೆಳಗಿಳಿಯಬಾರದು, ಅದರಲ್ಲಿ ಒಂದೇ ಒಂದು ಆನ್‌ಲೈನ್ ಕೋರ್ಸ್ ಮಾತ್ರ ಲೆಕ್ಕಕ್ಕೆ. ಯಾವುದೇ ಕೋರ್ಸ್ ಬಿಡುವ ಮುನ್ನ ಇಂಟರ್‌ನ್ಯಾಷನಲ್ ಆಫೀಸನ್ನು ಕೇಳಲಿ.