ಬೆಂಗಳೂರಿನ ಟ್ರಿನಿಟಿ ಸರ್ಕಲ್, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು: ಎರಡಕ್ಕೂ ಒಂದೇ ಹೆಸರು ಯಾಕೆ?

ಎರಡೂ ಕ್ರೈಸ್ತರ ನಂಬಿಕೆಯಿಂದಲೇ ಬಂದಿವೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಅನ್ನೋದು ಟ್ರಿನಿಟಿ. 325ರಲ್ಲಿ ನೈಸಿಯಾ, 381ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರಗಳಲ್ಲಿ ಸೇರಿದ ಕ್ರೈಸ್ತ ಬಿಷಪ್‌ಗಳ ಸಭೆಗಳಲ್ಲಿ ಇದು ಗಟ್ಟಿಯಾಯಿತು.

ನನಗೆ ತುಂಬಾ ಇಷ್ಟವಾದದ್ದು ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಕಥೆ (ಟ್ರಿನಿಟಿಗೆ ಸ್ಪ್ಯಾನಿಷ್ ಪದವೇ ಟ್ರಿನಿಡಾಡ್). ಮೊದಲು ಕಾಣುವ ನೆಲಕ್ಕೆ ಟ್ರಿನಿಟಿಯ ಹೆಸರಿಡುತ್ತೇನೆ ಎಂದು ಕೊಲಂಬಸ್ ಹರಕೆ ಹೊತ್ತಿದ್ದ. 1498ರಲ್ಲಿ ಕಡಲಿನಿಂದ ಕಂಡದ್ದು ಮೂರು ಬೆಟ್ಟಗಳ ದ್ವೀಪ! ಆತನಿಗೆ ಎಷ್ಟು ಸಂತೋಷ ಆಗಿರಬೇಕು, ಅಲ್ವಾ?

ಕೇಂಬ್ರಿಜ್ ಕಾಲೇಜನ್ನು 1546ರಲ್ಲಿ ಎಂಟನೇ ಹೆನ್ರಿ ಸ್ಥಾಪಿಸಿದ. ಐರ್ಲೆಂಡಿನ ಡಬ್ಲಿನ್‌ನಲ್ಲಿರುವ ಟ್ರಿನಿಟಿ ಕಾಲೇಜು 1592ರದ್ದು. ನಮ್ಮ ಸರ್ಕಲ್‌ಗೆ ಹೆಸರು ಬಂದದ್ದು ಪಕ್ಕದ ಹೋಲಿ ಟ್ರಿನಿಟಿ ಚರ್ಚ್‌ನಿಂದ. ದಂಡು ಪ್ರದೇಶದ ಬ್ರಿಟಿಷ್ ಸೈನಿಕರಿಗಾಗಿ ಕಟ್ಟಿದ ಚರ್ಚ್ ಅದು. ಈಗ ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರಿದೆ.

ಮನಸ್ಸಿಗೆ ನೋವಾಗುವುದು ಒಂದೇ: 1945ರ ಮೊದಲ ಅಣುಬಾಂಬ್ ಪರೀಕ್ಷೆಗೂ ಇದೇ ಹೆಸರಿಟ್ಟರು.