‘ಬೈ ಅಂಡ್ ಲಾರ್ಜ್’ ಅಂದರೆ ‘ಬಹುಮಟ್ಟಿಗೆ’ ಎಂದೇಕೆ ಅರ್ಥ?

ಈ ಇಂಗ್ಲಿಷ್ ನುಡಿಗಟ್ಟು (by and large) ಹಾಯಿಹಡಗಿನವರ ಮಾತು. ಬಿಡಿಬಿಡಿಯಾಗಿ ‘ಬೈ’, ‘ಲಾರ್ಜ್’ ಎಂದು ಅರ್ಥ ಹುಡುಕಿದರೆ ಏನೂ ಸಿಗದು. ಎರಡೂ ಗಾಳಿಯ ದಿಕ್ಕನ್ನು ಹೇಳುವ ಪದಗಳು.

ಗಾಳಿ ಹಡಗಿನ ಹಿಂಬದಿಯಿಂದಲೋ ಓರೆಯಾಗಿ ಹಿಂದಿನ ಪಕ್ಕದಿಂದಲೋ ಬೀಸುತ್ತಿದ್ದರೆ ಹಡಗು ‘ಲಾರ್ಜ್’ ಸಾಗುತ್ತಿದೆ ಎನ್ನುತ್ತಿದ್ದರು. ಇದು ಸುಲಭದ ಪಯಣ. ಗಾಳಿ ಬರುವ ದಿಕ್ಕಿಗೆ ಆದಷ್ಟು ಹತ್ತಿರವಾಗಿ ಮೂತಿ ಇಟ್ಟು ಸಾಗಿದರೆ ಅದು ‘ಬೈ’. ಚೌಕ ಹಾಯಿಗಳ ಹಡಗುಗಳು ಗಾಳಿಯ ದಿಕ್ಕಿಗೆ ಸುಮಾರು 67 ಡಿಗ್ರಿಗಿಂತ ಹತ್ತಿರ ಹೋಗಲು ತುಂಬ ಕಷ್ಟಪಡುತ್ತಿದ್ದವು. ಚುಕ್ಕಾಣಿ ಹಿಡಿದವನು ಸ್ವಲ್ಪ ಮೈಮರೆತರೂ ಗಾಳಿ ಹಾಯಿಯ ಮುಂಭಾಗಕ್ಕೆ ಬಡಿದು, ಅದನ್ನು ಕಂಬಕ್ಕೆ ಒತ್ತಿ, ಹಡಗನ್ನು ನಿಲ್ಲಿಸಿಬಿಡುತ್ತಿತ್ತು. ಕಂಬ ಮುರಿಯುವ ಅಪಾಯವೂ ಇತ್ತು. (ಬೆಚ್ಚಿ ನಿಂತರು ಎನ್ನಲು ಬಳಸುವ ‘ಟೇಕನ್ ಅಬ್ಯಾಕ್’ ಹುಟ್ಟಿದ್ದು ಇಲ್ಲೇ.)

ಎರಡು ಸ್ಥಿತಿಯಲ್ಲೂ ಚೆನ್ನಾಗಿ ನಡೆಯುವ ಹಡಗು ‘ಬೈ ಅಂಡ್ ಲಾರ್ಜ್’ ಒಳ್ಳೆಯದು, ಅಂದರೆ ಗಾಳಿ ಹೇಗೇ ಇರಲಿ ಒಳ್ಳೆಯದು. 1669ರ ಇಂಗ್ಲಿಷ್ ನಾವಿಕ ಕೈಪಿಡಿಯೊಂದರಲ್ಲೇ ಈ ಪ್ರಯೋಗವಿದೆ. ಆಮೇಲೆ ದಡಕ್ಕೆ ಬಂದು ‘ಎಲ್ಲ ಲೆಕ್ಕಹಾಕಿ ನೋಡಿದರೆ’, ಅಂದರೆ ‘ಬಹುಮಟ್ಟಿಗೆ’ ಎಂಬ ಅರ್ಥ ಪಡೆಯಿತು.

ಬಳಸುವಾಗ ಗಮನಿಸಿ: ಕೆಲವು ಅಪವಾದಗಳಿವೆ ಎಂಬ ಧ್ವನಿ ಇದರಲ್ಲಿದೆ. ಹಾಗಾಗಿ ‘ನೂರಕ್ಕೆ ನೂರು’ ಎನ್ನುವ ಜಾಗಕ್ಕೆ ಒಗ್ಗದು. ನಡುವಿನ ಪದ ‘ಅಂಡ್’. ಕಿವಿಗೆ ಕೇಳಿದಂತೆ ‘ಬೈ ಇನ್ ಲಾರ್ಜ್’ ಎಂದು ಬರೆಯುವುದು ತಪ್ಪು.